ವಾತಾಪಿ ಬಿದ್ದ ಮೇಲಿನ ಬಾದಾಮಿಯಲ್ಲಿ ಆಟ: ಯಾವ ರೇಸ್ ತಗೊಳ್ಳೋದು?

ಅಗಸಿಕಟ್ಟೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನವನಗರದಲ್ಲಿ ಹೊಸ ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಆಡುವ ಒಂದು ದೊಡ್ಡ ಕಥೆ, ಶುರು ಮಾಡುತ್ತಿದ್ದೇವೆ. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಕಥೆ ಕಟ್ಟುವ ಆಟ. 2024ರ ನಿಯಮ. ಡಿಎಂ, ಅಂದರೆ ಕಥೆ ನಡೆಸುವವನು, ನಾನೇ. ಕಥೆ ನಡೆಯುವುದು ನಮ್ಮ ಬಾದಾಮಿಯಲ್ಲಿ, ಕ್ರಿ.ಶ. 650ರಲ್ಲಿ.

ಯಾಕೆ 650 ಅಂತ ಮೊದಲು ಹೇಳಿಬಿಡುತ್ತೇನೆ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು, ಆಗಿನ ವಾತಾಪಿಯನ್ನು, ಗೆದ್ದ. ಗೆದ್ದದ್ದನ್ನು ಇಲ್ಲಿಯ ಬಂಡೆಯ ಮೇಲೇ ಕೆತ್ತಿಸಿದ. ಹರ್ಷನನ್ನು ನರ್ಮದೆಯ ಹತ್ತಿರ ತಡೆದು ನಿಲ್ಲಿಸಿದ್ದ ಇಮ್ಮಡಿ ಪುಲಕೇಶಿಯ ರಾಜಧಾನಿ ಕೈಬಿಟ್ಟಿತು. ಅವನ ಮಗ ಒಂದನೇ ವಿಕ್ರಮಾದಿತ್ಯ ರಾಜ್ಯವನ್ನು ಮತ್ತೆ ಕೈಗೆ ತಗೊಂಡದ್ದು 655ರ ಹೊತ್ತಿಗೆ. ನಡುವೆ ಸುಮಾರು 13 ವರ್ಷ. ಊರಿದೆ, ರಾಜನಿಲ್ಲ. ಕೋಟೆ ಮೇಲೆ ಬೇರೆಯವರ ನಿಶಾನೆ. ಗುಹೆಗಳಲ್ಲಿ ದೀಪ ಹಚ್ಚೋರು ಯಾರು, ಕೆರೆ ನೀರಿಗೆ ಕಾವಲು ಯಾರದು, ಸುಂಕ ಯಾರಿಗೆ ಕೊಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಸಾಹಸದ ಕಥೆಗೆ ಇದಕ್ಕಿಂತ ಒಳ್ಳೆ ಕಾಲ ನನಗೆ ಸಿಕ್ಕಿಲ್ಲ.

ತೊಂದರೆ ಇರುವುದು ಪಾತ್ರಗಳಲ್ಲಿ. ಹುಡುಗರು ಶೀಟ್, ಅಂದರೆ ಪಾತ್ರದ ವಿವರದ ಹಾಳೆ, ಬರೆದು ಕಳಿಸಿದ್ದಾರೆ. ಪಾತ್ರ ಯಾವ ಕುಲದ ಜೀವಿ ಅನ್ನೋದೇ ರೇಸ್. ಒಬ್ಬನದು ಡ್ರ್ಯಾಗನ್ ರೂಪದ ಡ್ರ್ಯಾಗನ್‌ಬಾರ್ನ್, ಒಬ್ಬಳದು ಚೂಪು ಕಿವಿಯ ಎಲ್ಫ್, ಒಬ್ಬನಿಗೆ ಹಕ್ಕಿಮನುಷ್ಯ ಬೇಕು, ಒಬ್ಬನಿಗೆ ಕೋರೆಹಲ್ಲಿನ ಆರ್ಕ್. ಯಾರನ್ನೂ ಬೇಡ ಅನ್ನುವ ಮನಸ್ಸು ನನಗಿಲ್ಲ. ಆದರೆ ಶೀಟ್ ಓದಿದರೆ ಇವರೆಲ್ಲ ಎಲ್ಲಿಂದಲೋ ಬಂದು ಬಾದಾಮಿಯಲ್ಲಿ ಇಳಿದವರ ಹಾಗೆ ಕಾಣುತ್ತಾರೆ. ನಾಳೆ ಇದೇ ಶೀಟ್ ತಗೊಂಡು ಬೇರೆ ಯಾವ ಲೋಕಕ್ಕೆ ಹೋದರೂ ಒಂದು ಸಾಲೂ ಬದಲಾಗುವುದಿಲ್ಲ.

ರೇಸ್ ಪಟ್ಟಿಯನ್ನು ಡಿಎಂ ಕಡಿಮೆ ಮಾಡುವುದು ಹೊಸದೇನಲ್ಲ. 1991ರಲ್ಲಿ ಬಂದ, ಇದೇ ಆಟದ ಡಾರ್ಕ್ ಸನ್ ಲೋಕ ನೋಡಿ. ಮರಳುಗಾಡು, ಲೋಹ ಸಿಗುವುದೇ ಅಪರೂಪ. ಅಲ್ಲಿ ಗಿಡ್ಡ, ಜಾಣ ನೋಮ್‌ಗಳೇ ಇಲ್ಲ, ಕೀಟದಂಥ ಥ್ರೀ-ಕ್ರೀನ್ ಇದ್ದಾರೆ, ಪುಟ್ಟ ಗಾತ್ರದ ಹಾಫ್‌ಲಿಂಗ್‌ಗಳು ಮನುಷ್ಯರನ್ನೇ ತಿನ್ನುತ್ತಾರೆ. ಇನ್ನೊಂದು ಲೋಕವಾದ ಡ್ರ್ಯಾಗನ್‌ಲ್ಯಾನ್ಸ್‌ನಲ್ಲಿ ಆರ್ಕ್‌ಗಳಿಲ್ಲ. ಲೋಕ ಎಂಥದು ಅಂತ ಮೊದಲು ತೀರ್ಮಾನ ಮಾಡಿದರು, ಯಾರು ಇರಬೇಕು ಅನ್ನೋದು ಆಮೇಲೆ ಬಂತು.

ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ನಿಮ್ಮ ಪಾತ್ರ ಸಂಜೆ ಹೊತ್ತು ಊರ ಅಗಸಿಗೆ ಬಂದು ನಿಂತಿದೆ. ಕಾವಲಿನವನು ಮುಖ ನೋಡಿದ. ಏನಂತಾನೆ? ಆ ಮಾತು ಈ ಊರಲ್ಲಿ, ಈ ವರ್ಷದಲ್ಲಿ ಮಾತ್ರ ಹುಟ್ಟುವಂಥದ್ದಾಗಿರಬೇಕು. ಹಾಗಿದ್ದರೆ ರೇಸ್ ಹೊಂದಿತು. "ಯಾರಪ್ಪಾ ನೀನು, ಹೋಗು ಒಳಗೆ" ಅಂದುಬಿಟ್ಟರೆ ಹೊಂದಲಿಲ್ಲ.

ಪುಸ್ತಕದ ಹತ್ತೂ ರೇಸ್‌ಗಳನ್ನು ಈ ಅಗಸಿ ದಾಟಿಸಿ ನೋಡೋಣ. ನಿಮ್ಮ ಅಭಿಪ್ರಾಯ ಬೇಕು.

ಡೋಣಿಸಾಲು, ವಿಜಯಪುರ

ಒಳ್ಳೆ ವಿಷಯ ತೆಗೆದಿದ್ದೀರಿ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮನುಷ್ಯರನ್ನು ಮಾತ್ರ ಇಟ್ಟುಕೊಳ್ಳಿ.

ನಮ್ಮ ಟೇಬಲ್‌ನಲ್ಲಿ ಆದಿಲ್‌ಶಾಹಿ ವಿಜಯಪುರ ಆಡುತ್ತೇವೆ, ಗೋಳಗುಮ್ಮಟ ಇನ್ನೂ ಕಟ್ಟುತ್ತಿರುವ ಕಾಲ. ಅದು ಮುಗಿದದ್ದು 1656ರಲ್ಲಿ. ಒಬ್ಬ ಪ್ಲೇಯರ್ ಇರಾನಿನಿಂದ ಬಂದ ಕವಿ. ಒಬ್ಬ ದಖನಿ ಸರದಾರ. ಒಬ್ಬ ಮರಾಠಾ ಕುದುರೆ ಸವಾರ. ಒಬ್ಬಳು ಕನ್ನಡ ಮಾತಾಡುವ ಗೌಡರ ಮನೆ ಹೆಣ್ಣುಮಗಳು. ಒಬ್ಬ ಹಬ್ಶಿ ಸೇನಾನಿ. ಇದು ಸುಮ್ನೆ ಕಟ್ಟಿದ್ದಲ್ಲ. ಮೊಹಮ್ಮದ್ ಆದಿಲ್‌ಶಾನ ಕಾಲದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಇಲ್ಲಿ ದೊಡ್ಡ ಮಂತ್ರಿಯಾಗಿದ್ದ. ಆಫ್ರಿಕಾದ ಮೂಲದವನು ವಿಜಯಪುರದ ಆಡಳಿತ ನಡೆಸಿದ ಕಾಲ ಅದು. ಎಲ್ಫ್ ಯಾಕೆ ಬೇಕು ಹೇಳಿ?

ಶೀಟ್‌ನಲ್ಲಿ ಎಲ್ಲರೂ ಮನುಷ್ಯರೇ. ವ್ಯತ್ಯಾಸ ಬರುವುದು ಭಾಷೆಯಿಂದ. ಯಾರಿಗೆ ಫಾರ್ಸಿ ಬರುತ್ತದೋ ಅವರು ದರಬಾರಿಗೆ ಹೋಗುತ್ತಾರೆ. ಯಾರಿಗೆ ಕನ್ನಡ ಬರುತ್ತದೋ ಅವರು ಡೋಣಿ ನದಿ ದಂಡೆಯ ಹಳ್ಳಿಯಲ್ಲಿ ಜೋಳ, ಸುದ್ದಿ ಎರಡೂ ತರುತ್ತಾರೆ. 2024ರ ನಿಯಮದಲ್ಲಿ ಶಕ್ತಿ, ಬುದ್ಧಿಯಂಥ ಗುಣಗಳಿಗೆ ಸಿಗುವ ಹೆಚ್ಚುವರಿ ಅಂಕಗಳು ರೇಸ್‌ನಿಂದ ಬರುವುದಿಲ್ಲ, ಪಾತ್ರದ ಹಿಂದಿನ ಬದುಕು ಹೇಳುವ ಬ್ಯಾಕ್‌ಗ್ರೌಂಡ್‌ನಿಂದ ಬರುತ್ತವೆ. ಹಾಗಾಗಿ ಐದು ಮನುಷ್ಯರು ಐದು ಥರ ಇರುತ್ತಾರೆ. ನಿಮ್ಮ ಅಗಸಿ ಪರೀಕ್ಷೆಯಲ್ಲಿ ಐದೂ ಜನ ಪಾಸು.

ಅಗಸಿಕಟ್ಟೆ

ದೋಸ್ತ, ನಿಮ್ಮ ಟೇಬಲ್ ಬಗ್ಗೆ ಓದಿ ಖುಷಿಯಾಯಿತು. ವಿಜಯಪುರಕ್ಕೆ ಅದೇ ಸರಿ. ಆ ಊರಿನ ಸೊಗಸೇ ಬೇರೆ ಬೇರೆ ಕಡೆಯ ಜನ ಒಂದೇ ಪೇಟೆಯಲ್ಲಿ ಸೇರಿದ್ದು.

ಬಾದಾಮಿಯ ಮಾತು ಬೇರೆ. ಅಲ್ಲಿ ಕಲ್ಲು ನೋಡಿದರೆ ಮನುಷ್ಯರಿಗಿಂತ ಮನುಷ್ಯರಲ್ಲದವರೇ ಜಾಸ್ತಿ. ಮೊದಲನೇ ಗುಹೆಯ ಛತ್ತಿನಲ್ಲಿ ನಾಗರಾಜ ಸುರುಳಿ ಸುತ್ತಿ ಕೂತಿದ್ದಾನೆ. ಜಗತಿಯ ಉದ್ದಕ್ಕೂ ಗಿಡ್ಡ ಗಣಗಳು. ಕೆಲವರದು ದನದ ಮುಖ, ಕೆಲವರದು ಕುದುರೆ ಮುಖ, ಒಬ್ಬರು ನಿಂತ ಹಾಗೆ ಇನ್ನೊಬ್ಬರು ನಿಂತಿಲ್ಲ. ಛತ್ತಿನ ಮೇಲೆ ಹಾರುವ ಗಂಧರ್ವ ಜೋಡಿಗಳು. ಆ ಕಾಲದ ಜನ ತಮ್ಮ ಲೋಕದಲ್ಲಿ ಯಾರೆಲ್ಲ ಇದ್ದಾರೆ ಅಂತ ನಮಗೆ ಕೆತ್ತಿಯೇ ಇಟ್ಟುಹೋಗಿದ್ದಾರೆ. ಅದನ್ನು ಬಿಟ್ಟು ಆಡಲು ನನಗೆ ಇಷ್ಟವಿಲ್ಲ.

ಕುಂದಾಪ್ರಿಯ, ಬೆಳಗಾವಿ

ಅಣ್ಣಾ, ಎಲ್ಫ್ ಶೀಟ್ ಕಳಿಸಿದವಳು ನಾನೇ. ಯಕ್ಷಿ ಅಂತ ಹೆಸರು ಬದಲಿಸಿಕೊಂಡರೆ ಆಗಲ್ವಾ? ಯಕ್ಷರು ಮರದಲ್ಲಿರುತ್ತಾರೆ, ನಿಧಿ ಕಾಯುತ್ತಾರೆ, ಚೆಂದ ಇರುತ್ತಾರೆ. ಎಲ್ಫ್‌ಗೆ ಸರಿಯಾಗಿ ಕೂರುತ್ತದೆ ಅನ್ನಿಸಿತು.

ಅಗಸಿಕಟ್ಟೆ

ತಂಗೀ, ಹೆಸರು ಬದಲಿಸುವುದು ಮೊದಲ ಹೆಜ್ಜೆ ಅಷ್ಟೇ. ಅಲ್ಲಿಗೇ ನಿಂತರೆ ಜಾತ್ರೆಯಲ್ಲಿ ಕೊಂಡ ಮುಖವಾಡ ಹಾಕಿಕೊಂಡ ಹಾಗೆ. ಒಳಗಿನವರು ಅವರೇ.

ಎಲ್ಫ್ ಅಂದರೆ ಮುಖ್ಯವಾದದ್ದು ಕಿವಿ ಅಲ್ಲ, ಆಯುಷ್ಯ. ಸುಮಾರು 750 ವರ್ಷ ಬದುಕುತ್ತಾರೆ, ನೂರು ವರ್ಷದ ಹೊತ್ತಿಗೆ ದೊಡ್ಡವರಾದರು ಅಂತ ಲೆಕ್ಕ. ಅದನ್ನು ಬಾದಾಮಿಗೆ ತಂದು ನೋಡು. ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ ಶಾಸನ 543ರದು. ಆ ವರ್ಷ ಹುಟ್ಟಿದ ಯಕ್ಷಿಗೆ ನಮ್ಮ ಕಥೆಯ ಹೊತ್ತಿಗೆ 107 ವರ್ಷ. ಈಗ ತಾನೇ ಪ್ರಾಯಕ್ಕೆ ಬಂದಿದ್ದಾಳೆ. ಚಾಲುಕ್ಯರ ಇಡೀ ಕಥೆ ಅವಳ ಬಾಲ್ಯದಲ್ಲಿ ಮುಗಿದುಹೋಗಿದೆ. 578ರಲ್ಲಿ ಮೂರನೇ ಗುಹೆ ಸಿದ್ಧವಾದಾಗ ಅವಳಿನ್ನೂ ಸಣ್ಣವಳು, ಉಳಿ ಸದ್ದಿಗೆ ನಿದ್ದೆ ಕೆಟ್ಟವಳು. ಈಗ ಪಲ್ಲವರು ಬಂದಿದ್ದಾರೆ. ಅವಳಿಗೆ ಇದು ಎರಡನೇ ಒಡೆಯ, ಮತ್ತೊಬ್ಬ ಬರುತ್ತಾನೆ ಅಂತ ಅವಳಿಗೆ ಗೊತ್ತಿದೆ. ಉಳಿದ ಪಾರ್ಟಿಯವರಿಗೆ, ಅಂದರೆ ಜೊತೆಗೆ ಹೊರಟ ಪಾತ್ರಗಳಿಗೆ, ಇದು ಲೋಕ ಮುಳುಗಿದ ಹಾಗೆ, ಇವಳಿಗೆ ಹಾಗಲ್ಲ. ಇವಳನ್ನು ಜನ ನಂಬುತ್ತಾರಾ? ಅಗಸಿಯ ಕಾವಲಿನವನ ಅಜ್ಜ ಇವಳನ್ನು ಹೀಗೇ ನೋಡಿದ್ದ, ಅಪ್ಪನೂ ಹೀಗೇ ನೋಡಿದ್ದ.

ಹೀಗೆ ಬರೆದರೆ ನನಗೆ ಒಪ್ಪಿಗೆ. ಆದರೂ ಈ ಲೋಕದಲ್ಲಿ ಎಲ್ಲಕ್ಕಿಂತ ಕಷ್ಟದ ರೇಸ್ ಇದೇ. ಎಲ್ಲವನ್ನೂ ಕಣ್ಣಾರೆ ಕಂಡವಳಿಗೆ ಹೊಸ ರಹಸ್ಯ ಅಂತ ನಾನು ಏನು ಕೊಡಲಿ? ಗುಹೆಯಿಂದ ಕೋಟೆಗೆ ಕಳ್ಳದಾರಿ ಇದೆಯಾ ಅಂತ ನೀನು ಕೇಳಿದರೆ "ನಿನಗೆ ಗೊತ್ತಿಲ್ಲ" ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಂದು ಮರಕ್ಕೆ ಕಟ್ಟುಬಿದ್ದವಳು, ಆ ಮರದಿಂದ ಕಾಣುವಷ್ಟೇ ಕಂಡಿದ್ದಾಳೆ ಅಂತ ಮಿತಿ ಹಾಕಿಕೋ. ಯಾವ ಮರ, ಎಲ್ಲಿದೆ, ಅಲ್ಲಿಂದ ಏನು ಕಾಣುತ್ತದೆ ಅನ್ನುವುದನ್ನು ನೀನೇ ಬರೆದು ಕಳಿಸು.

ಇಳಕಲ್‌ಸೆರಗು, ಬಾಗಲಕೋಟೆ ಜಿಲ್ಲೆ

ಒಂದು ಮಾತು ಗಂಭೀರವಾಗಿ ಹೇಳಬೇಕಿದೆ. ಆರ್ಕ್ ಬಗ್ಗೆ.

ಹೀಗೆ ನಮ್ಮ ನೆಲದ ಲೋಕ ಕಟ್ಟುವಾಗ ಬೇಗ ಆಗುವ ಒಂದು ಕೆಲಸ ಇದೆ. ಕಾಡಿನವರು, ಬೇಟೆಯವರು, ಗುಡ್ಡದವರು ಅಂದರೆ ಆರ್ಕ್ ಅಂತ ಬರೆದುಬಿಡುವುದು. ಅದು ಬೇಡ ರೀ. ಮುಧೋಳದ ಹತ್ತಿರ ಹಲಗಲಿ ಇದೆ. 1857ರಲ್ಲಿ ಆಯುಧ ಕೊಡಿ ಅಂತ ಬ್ರಿಟಿಷರು ಹೇಳಿದಾಗ ಕೊಡುವುದಿಲ್ಲ ಅಂತ ನಿಂತವರು ಅಲ್ಲಿಯ ಬೇಡರು. ಅವರ ಮೇಲೆ ಲಾವಣಿ ಇದೆ. ಅವರ ಮನೆ ಮಕ್ಕಳು ಇವತ್ತು ನಮ್ಮ ಟೇಬಲ್‌ಗಳಲ್ಲಿ ಕೂತು ದಾಳ ಹಾಕುತ್ತಾರೆ. ಖಾನಾಪುರದ ಕಡೆಯ ಸಿದ್ದಿಯರ ವಿಷಯವೂ ಅಷ್ಟೇ. ಇದ್ದ ಜನರನ್ನು ಹಲ್ಲು ಕೋರೆಯ ರಾಕ್ಷಸರನ್ನಾಗಿ ಮಾಡಬಾರದು. ಹಾಗೇನೇ ಎಲ್ಫ್ ಅಂದರೆ ಬೆಳ್ಳಗಿನವರು, ಮೇಲಿನವರು ಅನ್ನೋದೂ ಬೇಡ.

ಹಳೆ ನಿಯಮದಲ್ಲಿ ಹುಟ್ಟಿನಿಂದಲೇ ಒಬ್ಬರಿಗೆ ಬುದ್ಧಿ ಜಾಸ್ತಿ, ಒಬ್ಬರಿಗೆ ಶಕ್ತಿ ಜಾಸ್ತಿ ಅಂತ ಅಂಕ ಸಿಗುತ್ತಿತ್ತು. 2020ರಲ್ಲಿ ಆ ಅಂಕಗಳನ್ನು ಬೇಕಾದ ಕಡೆ ಹಾಕಿಕೊಳ್ಳುವ ಆಯ್ಕೆ ಬಂತು. 2024ರಲ್ಲಿ ರೇಸ್‌ನಿಂದಲೇ ತೆಗೆದುಹಾಕಿದರು. ಒಳ್ಳೇದಾಯಿತು ಅಂತ ನನ್ನ ಭಾವನೆ. ನಮ್ಮ ಊರುಗಳಲ್ಲಿ ಹುಟ್ಟಿನ ಲೆಕ್ಕ ಹಾಕುವವರು ಟೇಬಲ್ ಹೊರಗೇ ಸಾಕಷ್ಟು ಇದ್ದಾರೆ.

ಅಗಸಿಕಟ್ಟೆ

ಅಕ್ಕಾ, ಈ ಮಾತು ಬಂದದ್ದು ಒಳ್ಳೆಯದಾಯಿತು. ಇದನ್ನು ಟೇಬಲ್‌ನ ನಿಯಮ ಅಂತಲೇ ಬರೆದಿಡುತ್ತೇನೆ: ಇದ್ದ, ಇರುವ ಯಾವ ಸಮುದಾಯವೂ ನಮ್ಮ ಆಟದಲ್ಲಿ ರೇಸ್ ಆಗುವುದಿಲ್ಲ. ಅವರೆಲ್ಲ ಮನುಷ್ಯರು. ರೇಸ್ ಬರುವುದು ಕಲ್ಲಿನಿಂದ, ಕಥೆಯಿಂದ.

ಆರ್ಕ್‌ಗೆ ನನ್ನ ಹತ್ತಿರ ಒಂದು ದಾರಿ ಇದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದೂ ಇದೇ.

ಚಾಲುಕ್ಯರ ಲಾಂಛನ ವರಾಹ. ಬಾದಾಮಿಯ ಎರಡನೇ ಗುಹೆಯಲ್ಲೂ ಮೂರನೇ ಗುಹೆಯಲ್ಲೂ ಭೂದೇವಿಯನ್ನು ಎತ್ತಿಹಿಡಿದ ವರಾಹ ಇದ್ದಾನೆ. ಆರ್ಕ್‌ನ ಕೋರೆಹಲ್ಲು ಹಂದಿಯ ಕೋರೆ ಅಂತ ತಿಳಿಯಿರಿ. ಇವರು ವರಾಹ ಕುಲ. ಕಾಡಿನವರಲ್ಲ, ಅರಮನೆಯವರು. ಅರಸನ ಮೆರವಣಿಗೆಯಲ್ಲಿ ಮುಂದೆ ನಡೆಯುತ್ತಿದ್ದವರು, ಶಾಸನ ಓದುವಾಗ ಪಕ್ಕದಲ್ಲಿ ನಿಲ್ಲುತ್ತಿದ್ದವರು.

ಈಗ 650. ಕೋಟೆಯ ಮೇಲೆ ಪಲ್ಲವರ ನಂದಿ. ಎಲ್ಲ ಕಡೆ ವರಾಹ ಧ್ವಜ ಇಳಿಸಿದ್ದಾರೆ. ಆದರೆ ವರಾಹ ಕುಲದವರ ಮುಖವೇ ಧ್ವಜ. ಅದನ್ನು ಇಳಿಸಲು ಬರುವುದಿಲ್ಲ. ಅಗಸಿಯಲ್ಲಿ ಕಾವಲಿನವನು ಇವರನ್ನು ಕಂಡರೆ ಏನಂತಾನೆ? ಪಲ್ಲವರ ಕಡೆಯವನಾದರೆ ಈಟಿ ಮುಂದೆ ಚಾಚುತ್ತಾನೆ. ಊರವನಾದರೆ ಅತ್ತಿತ್ತ ನೋಡಿ ತಲೆ ಬಾಗಿಸುತ್ತಾನೆ. ಪಾತ್ರ ಇನ್ನೂ ಬಾಯಿ ತೆರೆದಿಲ್ಲ, ಆಗಲೇ ಕಥೆ ಶುರುವಾಯಿತು.

ನಿಯಮವೂ ಜೊತೆಗೇ ಬರುತ್ತದೆ. ಆರ್ಕ್‌ಗೆ ಒಂದು ಗುಣ ಇದೆ: ಪ್ರಾಣದ ಅಂಕ ಸೊನ್ನೆಗೆ ಬಿದ್ದಾಗ ಒಂದು ಸಲ 1ಕ್ಕೆ ನಿಲ್ಲಬಹುದು, ಮತ್ತೆ ಅದು ಸಿಗುವುದು ಪೂರ್ತಿ ವಿಶ್ರಾಂತಿಯ ನಂತರ. 2014ರ ಪುಸ್ತಕದಲ್ಲಿ ಕಾಡುಹಂದಿಗೂ ಹೆಚ್ಚುಕಡಿಮೆ ಇದೇ ಗುಣ ಕೊಟ್ಟಿದ್ದರು. ಹಂದಿ ಬೇಟೆ ಕಂಡವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಳಕಲ್‌ಸೆರಗು

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಇದನ್ನು ಕೇಳಿದ ಮೇಲೆ ನನಗೇ ಆ ಪಾತ್ರ ಆಡಬೇಕು ಅನ್ನಿಸುತ್ತಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ನೆನಪಾಯಿತು. ಅದು ಸುಮಾರು 700ರದು, ನಿಮ್ಮ ಕಥೆಗಿಂತ ಐವತ್ತು ವರ್ಷ ಆಚೆಗೆ. ಒಳ್ಳೆಯವರಿಗೆ ಒಳ್ಳೆಯವನು, ಕಾಡಿದವರಿಗೆ ಕಲಿಯುಗವಿಪರೀತ ಅಂತ ತ್ರಿಪದಿಯಲ್ಲಿ ಹೊಗಳಿದ್ದಾರೆ. ವರಾಹ ಕುಲದವರ ಸ್ವಭಾವ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ಆ ಬಂಡೆ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿ.

ಮೇಗುತಿದಾರಿ, ಹುನಗುಂದ

ನೆಲದಡಿ ಕಲ್ಲಿನ ಕೆಲಸ ಮಾಡುವ ಗಿಡ್ಡ ಜನ, ಡ್ವಾರ್ಫ್ ಬಗ್ಗೆ ಯಾರೂ ಮಾತಾಡಿಲ್ಲ ಅಲ್ವಾ? ನಮ್ಮ ಕಡೆ ಅದಕ್ಕೆ ಹೊಸದಾಗಿ ಏನೂ ಕಟ್ಟಬೇಕಿಲ್ಲ.

ಐಹೊಳೆಯ ಮೇಗುತಿ ಗುಡ್ಡ ಎಲ್ಲರಿಗೂ ಗೊತ್ತು, 634ರ ರವಿಕೀರ್ತಿಯ ಶಾಸನ ಇರುವ ಗುಡಿ. ಬಂದವರು ಶಾಸನ ನೋಡಿ ಇಳಿದುಹೋಗುತ್ತಾರೆ. ಗುಡಿಯ ಹಿಂದೆ ನಡೆದರೆ ಚಾಲುಕ್ಯರಿಗಿಂತ ಎಷ್ಟೋ ಹಳೆಯ ಕಲ್ಲುಮನೆಗಳಿವೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೆ ಒಂದು ದೊಡ್ಡ ಚಪ್ಪಡಿ ಹಾಸಿದ್ದಾರೆ. ಮುಂದಿನ ಚಪ್ಪಡಿಯಲ್ಲಿ ದುಂಡನೆ ತೂತು. ಬಗ್ಗಿ ಅದರೊಳಗೆ ನೋಡಿದರೆ ಬಿಸಿಲಲ್ಲಿ ನಿಂತ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ, ಆಮೇಲೆ ಒಳಗಿನ ಮಣ್ಣು, ಒಣಗಿದ ಹುಲ್ಲು ಕಾಣುತ್ತವೆ. ಊರವರು ಇವನ್ನು ಮೋರೇರ ಮನೆ ಅನ್ನುತ್ತಾರೆ. ಮೋರೇರು ಗಿಡ್ಡ ಜನ, ಅದಕ್ಕೇ ಇಷ್ಟು ತಗ್ಗಿನ ಮನೆ ಅನ್ನುವ ಮಾತು ನಮ್ಮ ಸೀಮೆಯಲ್ಲಿ ಹಳೆಯದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲೂ ಇಂಥವು ನೂರಾರು ಇವೆ.

ಅವು ಗೋರಿಗಳು ಅಂತ ಓದಿದವರು ಹೇಳುತ್ತಾರೆ. ಆಟದಲ್ಲಿ ಎರಡೂ ನಿಜ ಆಗಲಿ. ಮೇಲೆ ಕಾಣುವುದು ಬಾಗಿಲು, ಮನೆ ಇರುವುದು ಕೆಳಗೆ. ಗುಹೆ ಕೆತ್ತುವಾಗ ಚಾಲುಕ್ಯರು ಯಾರ ಛತ್ತು ಒಡೆದರು? ಮೋರೇರಿಗೆ ಚಾಲುಕ್ಯರೂ ಒಂದೇ, ಪಲ್ಲವರೂ ಒಂದೇ. ಇಬ್ಬರೂ ಕಲ್ಲು ಕೇಳದೆ ತಗೊಂಡವರು.

ಅಗಸಿಕಟ್ಟೆ

ಇದನ್ನು ಹಾಗೇ ತಗೊಳ್ಳುತ್ತೇನೆ ಅಣ್ಣಾ. ಗುಹೆ ಕೆತ್ತಿದ್ದೇ ತಕರಾರಿನ ಮೂಲ ಅನ್ನೋದು ನನಗೆ ಹೊಳೆದಿರಲಿಲ್ಲ.

ಆದರೆ ಡಿಎಂ ಆಗುವವರಿಗೆ ಒಂದು ಎಚ್ಚರಿಕೆ. 2024ರ ಡ್ವಾರ್ಫ್‌ಗೆ ಕಲ್ಲಿನ ಮೇಲೆ ನಿಂತರೆ 60 ಅಡಿಯೊಳಗೆ ಅದೇ ಕಲ್ಲಿನ ಮೇಲೆ ಯಾರಿದ್ದರೂ ನೆಲದ ಕಂಪನದಿಂದ ಗೊತ್ತಾಗುತ್ತದೆ, 10 ನಿಮಿಷದವರೆಗೆ. ಬೇರೆ ಲೋಕದಲ್ಲಿ ಇದು ಆಗಾಗ ಬರುವ ಅನುಕೂಲ. ಬಾದಾಮಿಯಲ್ಲಿ ಎಲ್ಲಿ ನಿಂತರೂ ಕಲ್ಲೇ! ಗುಡ್ಡ ಕಲ್ಲು, ಗುಹೆ ಕಲ್ಲು, ಮೆಟ್ಟಿಲು ಕಲ್ಲು, ಕೋಟೆ ಕಲ್ಲು. ಹೊಂಚು ಹಾಕುವ ದೃಶ್ಯವೇ ಉಳಿಯುವುದಿಲ್ಲ. ಆ ಗುಣ ಕಸಿದುಕೊಳ್ಳಲು ನನಗೆ ಮನಸ್ಸಿಲ್ಲ. ಪಲ್ಲವರಿಗೂ ಇದು ಗೊತ್ತು ಅಂತ ಇಟ್ಟುಕೊಳ್ಳುತ್ತೇನೆ. ಮುಖ್ಯ ಕಾವಲಿನ ಜಾಗದಲ್ಲೆಲ್ಲ ಮರಳು ಹಾಸಿಸಿದ್ದಾರೆ. ಇನ್ನು ಕೆಲವು ಕಡೆ ನಾಲ್ಕು ಜನ ಸುಮ್ನೆ ಕುಣಿಯುತ್ತಿರುತ್ತಾರೆ, ಯಾವ ಹೆಜ್ಜೆ ಯಾರದು ಅಂತ ತಿಳಿಯಬಾರದು ಅಂತ. ಒಂದು ಊರು ಒಂದು ರೇಸ್‌ಗೆ ಹೆದರಿ ತನ್ನ ನಡವಳಿಕೆ ಬದಲಿಸಿಕೊಂಡಿದೆ ಅಂದರೆ ಆ ರೇಸ್ ಆ ಲೋಕದಲ್ಲಿ ಬೇರು ಬಿಟ್ಟಿದೆ ಅಂತಲೇ ಅರ್ಥ.

ಡೋಣಿಸಾಲು

ಒಂದು ಸಾಲು ಸೇರಿಸುತ್ತೇನೆ. ನಾನು ಮನುಷ್ಯರು ಮಾತ್ರ ಅಂತ ಹೇಳಿದವನು. ಆದರೂ ಈ ಮೋರೇರನ್ನು ವಿಜಯಪುರಕ್ಕೆ ಕರೆಸಿಕೊಳ್ಳುವ ಆಸೆ ಬಂದಿದೆ. ನಮ್ಮಲ್ಲಿ ಸುರಂಗ ಬಾವಿ ಇದೆ. 16ನೇ ಶತಮಾನದಲ್ಲಿ ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಕಿಂಡಿ ಬಿಟ್ಟು, ಊರಿಗೆ ನೀರು ತಂದ ವ್ಯವಸ್ಥೆ. ಅದನ್ನು ಕೊರೆಯಲು ಸಾವಿರ ವರ್ಷ ಹಳೆಯ ಒಪ್ಪಂದದ ಮೇಲೆ ಐಹೊಳೆಯಿಂದ ಮೋರೇರು ಬಂದರು ಅಂತ ಮಾಡಿದರೆ ನಿಮ್ಮ ಆಟಕ್ಕೂ ನಮ್ಮ ಆಟಕ್ಕೂ ಒಂದೇ ಎಳೆ ಸಿಗುತ್ತದೆ. ಆ ಒಪ್ಪಂದ ನಿಮ್ಮ 650ರಲ್ಲೇ ಆಗಲಿ.

ಅಗಸಿಕಟ್ಟೆ

ಆಗಲಿ ದೋಸ್ತ. ಯಾರು ಯಾರಿಗೆ ಮಾತು ಕೊಟ್ಟರು ಅನ್ನುವುದನ್ನು ನಮ್ಮ ಪ್ಲೇಯರ್‌ಗಳೇ ಆಡಿ ತೀರ್ಮಾನಿಸಲಿ. ಆದ ಮೇಲೆ ಇಲ್ಲೇ ಹಾಕುತ್ತೇನೆ.

ಹೊಸದಾಳ, ಗೋಕಾಕ

ಹಕ್ಕಿಮನುಷ್ಯ ಕೇಳಿದವನು ನಾನು ಸರ್. ಮೊದಲ ಸಲ ಆಡುತ್ತಿದ್ದೇನೆ. ಹಾರಬೇಕು ಅನ್ನೋದೊಂದೇ ಆಸೆ. ಗೋಕಾಕ ಜಲಪಾತದ ತೂಗುಸೇತುವೆ ಮೇಲೆ ನಿಂತಾಗಲೆಲ್ಲ ಅದೇ ಅನ್ನಿಸುತ್ತದೆ. ಆರಕೋಕ್ರಾ ತಗೊಂಡರೆ ಮೊದಲನೇ ಲೆವೆಲ್‌ನಿಂದಲೇ ಹಾರಬಹುದು ಅಂತ ಓದಿದೆ. ಬೇಡ ಅಂತೀರಾ?

ಅಗಸಿಕಟ್ಟೆ

ಬೇಡ ಅನ್ನುವುದಿಲ್ಲ ತಮ್ಮಾ. ಯಾಕೆ ಯೋಚನೆ ಮಾಡುತ್ತಿದ್ದೇನೆ ಅಂತ ಹೇಳುತ್ತೇನೆ, ಕೇಳು.

ಬಾದಾಮಿಯ ಕಥೆ ಅಂದರೆ ಕಡಿದಾದ ಗುಡ್ಡ. ನಡುವೆ ಅಗಸ್ತ್ಯ ಕೆರೆ, ಎರಡೂ ಕಡೆ ಕೆಂಪು ಬಂಡೆ, ಮೇಲೆ ಕೋಟೆ. ಹತ್ತುವ ದಾರಿ ಬಂಡೆ ಸೀಳಿನ ನಡುವೆ, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಮೇಲಿರುವವನಿಗೆ ಕೆಳಗಿನವನು ಕಾಣುತ್ತಾನೆ, ಕೆಳಗಿನವನಿಗೆ ಮೇಲಿನವನು ಕಾಣುವುದಿಲ್ಲ. ಈ ಊರಿನ ಭಯವೆಲ್ಲ ಆ ಏರಿನಲ್ಲಿದೆ. ಮೊದಲ ದಿನದಿಂದ ಒಬ್ಬ ಹಾರಿಬಿಟ್ಟರೆ ಅವನಿಗೆ ಬಾದಾಮಿ ಒಂದು ಬಯಲು. ಉಳಿದ ನಾಲ್ವರು ಏದುಸಿರು ಬಿಡುತ್ತಾ ಹತ್ತುವಾಗ ನೀನು ಮೇಲೆ ಕೂತು ಕಾಯುತ್ತಿರುತ್ತೀಯ. ನಿನಗೂ ಬೇಜಾರು.

ಅದರ ಬದಲು ಆಸಿಮಾರ್, ಅಂದರೆ ದೇವಲೋಕದ ಕಿಡಿ ಇರುವ ರೇಸ್, ತಗೋ. ಕಲ್ಲಿನಲ್ಲಿ ಹಾರುತ್ತಾರಲ್ಲ ಆ ಗಂಧರ್ವರ ಕುಲ. ಮೂರನೇ ಲೆವೆಲ್‌ಗೆ ಬಂದಾಗ ರೆಕ್ಕೆ ಮೂಡುತ್ತದೆ. ಇರುವುದು ಒಂದೇ ನಿಮಿಷ, ಅಂದರೆ ಯುದ್ಧದಲ್ಲಿ ಹತ್ತು ಸುತ್ತು. ಮತ್ತೆ ಬೇಕೆಂದರೆ ಪೂರ್ತಿ ವಿಶ್ರಾಂತಿ ಆಗಬೇಕು. ಆ ಒಂದು ನಿಮಿಷಕ್ಕೆ ಬೆಲೆ ಇರುತ್ತದೆ ನೋಡು. ಎಲ್ಲರೂ ಸೀಳಿನಲ್ಲಿ ಸಿಕ್ಕಿಬಿದ್ದಿದ್ದಾರೆ, ಮೇಲಿಂದ ಬಂಡೆ ಉರುಳುತ್ತಿದೆ, ನೀನು ಏಳುತ್ತೀಯ. ಕೆಳಗಿನ ಜನ ತಲೆ ಎತ್ತಿ ನೋಡುತ್ತಾರೆ. ಅವರು ಇದುವರೆಗೆ ಛತ್ತಿನ ಮೇಲೆ ಮಾತ್ರ ನೋಡಿದ್ದನ್ನು ಈಗ ಆಕಾಶದಲ್ಲಿ ನೋಡುತ್ತಾರೆ.

ಅಲ್ಲಿಯವರೆಗೆ ನಿನ್ನ ಪಾತ್ರಕ್ಕೂ ತಾನು ಯಾರು ಅಂತ ಗೊತ್ತಿಲ್ಲದೆ ಇರಲಿ. ಮೊದಲ ಸಲ ಆಡುವವರಿಗೆ ಅದು ಹಗುರವೂ ಹೌದು. ನೆನಪಿಟ್ಟುಕೊಳ್ಳುವುದು ಕಡಿಮೆ.

ಹೊಸದಾಳ

ಒಂದು ನಿಮಿಷ ಸಾಕು ಸರ್. ಇದನ್ನೇ ತಗೊಳ್ಳುತ್ತೇನೆ.

ಮೇಗುತಿದಾರಿ

ಹಾಫ್‌ಲಿಂಗ್, ನೋಮ್ ಎರಡನ್ನೂ ಗಣಗಳಿಗೆ ಕೊಟ್ಟುಬಿಡಿ. ದಾಳದಲ್ಲಿ 1 ಬಿದ್ದರೆ ಮತ್ತೆ ಹಾಕುವ ಹಾಫ್‌ಲಿಂಗ್ ಅದೃಷ್ಟ ಶಿವನ ಪಕ್ಕದಲ್ಲಿರುವವರಿಗೆ ಸಲ್ಲುತ್ತದೆ. ದೈತ್ಯರ ವಂಶದ ಗೋಲಿಯತ್ ಇಲ್ಲಿ ಬೇಕಿಲ್ಲ ಅನ್ನಿಸುತ್ತದೆ.

ಡ್ರ್ಯಾಗನ್‌ಬಾರ್ನ್ ಏನು ಮಾಡಿದಿರಿ?

ಅಗಸಿಕಟ್ಟೆ

ಗಣಗಳ ಮಾತು ಒಪ್ಪಿದೆ. ಗೋಲಿಯತ್ ಬಿಟ್ಟೆ.

ಡ್ರ್ಯಾಗನ್‌ಬಾರ್ನ್‌ಗೆ ಮಕರ. ತೋರಣದ ಎರಡು ತುದಿಯಲ್ಲಿ ಬಾಯಿ ತೆರೆದು ಕೂತಿರುತ್ತದಲ್ಲ, ಅದೇ. ಮಲಪ್ರಭೆಯ ಮಡುವಿನವರು. ಬಾಯಿಂದ ಬರುವುದು ಬೆಂಕಿ ಬೇಡ, ಥಂಡಿ ಇರಲಿ. ನದಿಯವರು, ಬಾಗಿಲು ಕಾಯುವವರು. ಆ ಹುಡುಗ ಒಪ್ಪಿದ್ದಾನೆ. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಚೆನ್ನಾಗಿ ಕೂತಿದೆ.

ನಾನು ಹೇಳಬೇಕು ಅಂತ ಕಾಯುತ್ತಿದ್ದದ್ದು ಟೀಫ್ಲಿಂಗ್ ಬಗ್ಗೆ. ಯಾರೂ ಆ ಶೀಟ್ ಕಳಿಸಿಲ್ಲ. ಕೊಂಬು, ಬಾಲ, ನರಕದ ರಕ್ತ ಅಂತ ಓದಿ ನಮ್ಮ ಕಡೆಗೆ ಹೊಂದಲ್ಲ ಅಂದುಕೊಂಡಿರಬೇಕು. ನನ್ನ ಲೆಕ್ಕದಲ್ಲಿ ಪುಸ್ತಕದ ಹತ್ತೂ ರೇಸ್‌ಗಳಲ್ಲಿ ಬಾದಾಮಿಗೆ ಅತಿ ಹತ್ತಿರದ್ದು ಇದೇ.

ಊರಿನ ಹೆಸರೇ ವಾತಾಪಿ. ರಾಕ್ಷಸನ ಹೆಸರು. ಮಹಾಭಾರತದ ವನಪರ್ವದಲ್ಲಿ ಕಥೆ ಇದೆ. ಇಲ್ವಲ ತಮ್ಮ ವಾತಾಪಿಯನ್ನು ಟಗರು ಮಾಡಿ, ಅಡುಗೆ ಮಾಡಿ, ಬಂದ ಅತಿಥಿಗೆ ಬಡಿಸುತ್ತಿದ್ದ. ಉಂಡಾದ ಮೇಲೆ ಹೆಸರು ಹಿಡಿದು ಕೂಗಿದರೆ ವಾತಾಪಿ ಹೊಟ್ಟೆ ಸೀಳಿ ಬರುತ್ತಿದ್ದ. ಅಗಸ್ತ್ಯರು ಉಂಡು ಅರಗಿಸಿಕೊಂಡರು. ಕೂಗಿದರೆ ಬರಲಿಲ್ಲ. ಕೆರೆಗೆ ಅಗಸ್ತ್ಯರ ಹೆಸರು, ಊರಿಗೆ ವಾತಾಪಿಯ ಹೆಸರು.

ಈಗ ಇಲ್ವಲನ ವಂಶದವರು ಈ ಊರಲ್ಲೇ ಇದ್ದಾರೆ ಅಂತ ಇಟ್ಟುಕೊಳ್ಳಿ. ಕೊಂಬು ಟಗರಿನದು. ಯಾರಿಗೂ ಅವರು ಹೊಸಬರಲ್ಲ. ಅಗಸಿಯಲ್ಲಿ ಯಾರೂ ತಡೆಯುವುದಿಲ್ಲ, ಊರಿಗೇ ಅವರ ಹಿರಿಯನ ಹೆಸರಿದೆ. ಪೇಟೆಯಲ್ಲಿ ವ್ಯಾಪಾರ ಮಾಡುತ್ತಾರೆ, ಜಗಳಕ್ಕೆ ಪಂಚರಾಗಿ ಬರುತ್ತಾರೆ, ಹಬ್ಬಕ್ಕೆ ಎಲ್ಲರೂ ಮಾತಾಡಿಸುತ್ತಾರೆ. ಆದರೆ ಅವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ನಮ್ಮ ಸೀಮೆಯಲ್ಲಿ ಮನೆಗೆ ಬಂದವರು ಒಂದು ತುತ್ತು ರೊಟ್ಟಿ ಮುರಿಯದೆ ಎದ್ದು ಹೋದರೆ ಮನೆಯವರಿಗೆ ಹೇಗಾಗುತ್ತದೆ ನಿಮಗೆಲ್ಲ ಗೊತ್ತು. ಆ ಮನೆಯಲ್ಲಿ ತಲೆತಲಾಂತರದಿಂದ ಹಾಗೇ ನಡೆದಿದೆ. ಅಂಥ ಮನೆಯ ಮಗಳು ಪಾರ್ಟಿ ಸೇರುತ್ತಾಳೆ. ಮೊದಲ ರಾತ್ರಿ ಗುಹೆಯಲ್ಲಿ ಒಲೆ ಹಚ್ಚಿ ಅಡುಗೆ ಮಾಡುವವಳು ಅವಳೇ. ಯಾರು ಕೈ ಹಾಕುತ್ತೀರಿ?

ನಿಯಮ ನೋಡಿ. 2024ರಲ್ಲಿ ಟೀಫ್ಲಿಂಗ್‌ಗೆ ಮೂರು ಮೂಲ ಇವೆ. ಅಬಿಸಲ್ ಮೂಲ ತಗೊಂಡರೆ ವಿಷಕ್ಕೆ ತಡೆ ಸಿಗುತ್ತದೆ, ತಾನು ಬಡಿಸಿದ್ದನ್ನು ತಾನೇ ಮೊದಲು ಉಂಡು ತೋರಿಸುವ ಮನೆತನಕ್ಕೆ ಸರಿಯಾಗಿದೆ. ಯಾವ ಮೂಲದವರಿಗೂ ದನಿಯನ್ನು ಮೂರು ಪಟ್ಟು ದೊಡ್ಡದು ಮಾಡುವ ಸಣ್ಣ ಮಂತ್ರ ಹುಟ್ಟಿನಿಂದಲೇ ಬರುತ್ತದೆ. ಇಲ್ವಲ ಕೂಗಿದ ದನಿ ಅದು. ಈ ಕುಲದವರು ಯಾರನ್ನೂ ಹೆಸರು ಹಿಡಿದು ಗಟ್ಟಿಯಾಗಿ ಕರೆಯುವುದಿಲ್ಲ. ಮಕ್ಕಳನ್ನೂ ಹತ್ತಿರ ಹೋಗಿ ಮುಟ್ಟಿ ಕರೆಯುತ್ತಾರೆ.

ಇಳಕಲ್‌ಸೆರಗು

ಒಬ್ಬರ ಮನೆಯಲ್ಲಿ ಉಣ್ಣಬಾರದು ಅನ್ನೋದು ನಮ್ಮ ಊರುಗಳಲ್ಲಿ ಕಥೆಯಲ್ಲ ರೀ. ಇದನ್ನು ಟೇಬಲ್‌ಗೆ ತರುವ ಮುಂಚೆ ಪ್ಲೇಯರ್‌ಗಳನ್ನು ಒಬ್ಬೊಬ್ಬರನ್ನಾಗಿ ಕೇಳಿ. ಯಾರಿಗಾದರೂ ಆ ನೋವು ಮನೆಯದೇ ಆಗಿರಬಹುದು. ಒಪ್ಪಿದರೆ ಮಾತ್ರ ಆಡಿಸಿ. ಒಪ್ಪಿದರೆ ಇದು ತುಂಬಾ ಒಳ್ಳೆಯ ಪಾತ್ರ.

ಅಗಸಿಕಟ್ಟೆ

ಕೇಳುತ್ತೇನೆ ಅಕ್ಕಾ. ಒಬ್ಬರು ಬೇಡ ಅಂದರೂ ಆ ಭಾಗ ಇರುವುದಿಲ್ಲ. ಗುಂಪಿನಲ್ಲಿ ಕೇಳುವುದಿಲ್ಲ, ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ.

ಕುಂದಾಪ್ರಿಯ

ಅಣ್ಣಾ, ನನಗೆ ಈಗ ಯಕ್ಷಿ ಬೇಡ. ಇಲ್ವಲನ ಮನೆಯ ಮಗಳನ್ನು ನಾನು ಆಡಬಹುದಾ? ಬೆಳಗಾವಿಯಲ್ಲಿ ನಾವು ಬಾಡಿಗೆ ಮನೆ ಹುಡುಕಿದಾಗ ನೋಡಿದ್ದು, ಕೇಳಿಸಿಕೊಂಡದ್ದು ಎಲ್ಲ ನೆನಪಿದೆ. ನಾನು ಅದನ್ನು ಆಡಬಲ್ಲೆ, ಆಡಬೇಕು ಅನ್ನಿಸುತ್ತದೆ. ಕ್ಲಾಸ್, ಅಂದರೆ ಪಾತ್ರದ ವಿದ್ಯೆ, ಯಾವುದು ತಗೊಳ್ಳಲಿ? ಎಲ್ಲರೂ ಟೀಫ್ಲಿಂಗ್ ಅಂದರೆ ವಾರ್ಲಾಕ್, ಬೇರೆ ಲೋಕದ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡ ಮಾಂತ್ರಿಕ, ಅನ್ನುತ್ತಾರೆ.

ಅಗಸಿಕಟ್ಟೆ

ಖಂಡಿತ ಆಡು ತಂಗೀ. ಉಳಿದವರೆಲ್ಲ ಹೂಂ ಅಂದ ಮೇಲೆ.

ವಾರ್ಲಾಕ್ ಬೇಡ. ದೇವರ ಶಕ್ತಿಯಿಂದ ಮಂತ್ರ ಹಾಕುವ ಕ್ಲೆರಿಕ್ ತಗೋ. ಗಾಯ ವಾಸಿ ಮಾಡುವವಳಾಗು. ಉಣ್ಣಲು ಹೆದರುವವರು ಗಾಯ ಆದಾಗ ನಿನ್ನ ಕೈಯನ್ನೇ ಹಿಡಿಯಬೇಕಾಗುತ್ತದೆ. ಬ್ಯಾಕ್‌ಗ್ರೌಂಡ್ ವ್ಯಾಪಾರಿಯದು ಇರಲಿ, ಐಹೊಳೆಯ ಪೇಟೆಯ ಪರಿಚಯ ನಮಗೆ ಬೇಕಾಗುತ್ತದೆ. ಹೆಸರು ಬರೆಯುವಾಗ ಮನೆಯಲ್ಲಿ ಕರೆಯುವ ಹೆಸರು, ಪೇಟೆಯಲ್ಲಿ ಹೇಳಿಕೊಳ್ಳುವ ಹೆಸರು ಎರಡೂ ಬರೆ.

ವರಾಹ ಕುಲದ ಶೀಟ್ ಇಟ್ಟುಕೊಂಡಿರುವ ಹುಡುಗನಿಗೂ ಇದೇ ಮಾತು: ಮುಖ ಮುಚ್ಚಿಕೊಳ್ಳುವ ಬಟ್ಟೆ ಸಾಮಾನಿನ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಈಗಲೇ ತೀರ್ಮಾನ ಮಾಡು. ಇಲ್ಲ ಅಂತ ಬರೆದರೆ ಅಗಸಿಯಲ್ಲಿ ಮೊದಲ ದಾಳ ನಿನ್ನದೇ. ಶೀಟ್‌ಗಳನ್ನು ಶುಕ್ರವಾರದೊಳಗೆ ಕಳಿಸಿ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಶುರು ಮಾಡೋಣ.